ಮೊದಲ ಮಣ್ಣು: ಸಸಿ ಎಬ್ಬಿಸುವ ಮಿಶ್ರಣದ ಚರಿತ್ರೆ

ಬೀಜ ಒಳ್ಳೆಯದಾಗಿದ್ದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಟೊಮೇಟೊ, ಬದನೆ, ಮೆಣಸಿನಕಾಯಿ ಬೀಜವನ್ನು ಒಮ್ಮೆಯಾದರೂ ಕುಂಡದಲ್ಲಿ ಹಾಕಿ ನೋಡಿದವರಿಗೆ ಬೇರೊಂದು ಅನುಭವವೂ ಇರುತ್ತದೆ. ಬೀಜ ಮೊಳೆಯುತ್ತದೆ. ಎರಡು ಎಲೆ ಬಿಟ್ಟು ನಗುತ್ತಾ ನಿಲ್ಲುತ್ತದೆ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಬುಡ ನೀರುನೀರಾಗಿ ಸಣ್ಣಗಾಗಿ ಸಸಿಗಳು ಸಾಲಾಗಿ ಮಲಗಿರುತ್ತವೆ. ಬೀಜ ಮಾರಿದವರನ್ನು ಬೈಯುತ್ತೇವೆ, ಇಲ್ಲವೇ ನಮ್ಮ ಕೈಗುಣ ಸರಿಯಿಲ್ಲ ಎಂದುಕೊಳ್ಳುತ್ತೇವೆ. ಹೆಚ್ಚಿನ ಸಲ ತಪ್ಪು ಬೀಜದ್ದೂ ಅಲ್ಲ, ಕೈಯದ್ದೂ ಅಲ್ಲ. ಅದು ಬಿದ್ದ ಮೊದಲ ಮಣ್ಣಿನದು.

ಈ ಮೊದಲ ಮಣ್ಣು ಹೇಗಿರಬೇಕು ಎಂಬ ಪ್ರಶ್ನೆಗೆ ಒಂದು ಚರಿತ್ರೆಯೇ ಇದೆ. ಆ ಚರಿತ್ರೆಯಲ್ಲಿ ಇಂಗ್ಲೆಂಡಿನ ಗಾಜಿನ ಮನೆಗಳು ಬರುತ್ತವೆ, ತಳಿವಿಜ್ಞಾನಿಗಳು ಬರುತ್ತಾರೆ, ಒಂದು ಮಹಾಯುದ್ಧ ಬರುತ್ತದೆ. ಕೊನೆಗೆ ತಿಪಟೂರಿನ ತೆಂಗಿನ ಸಿಪ್ಪೆಯ ರಾಶಿಯೂ ಬರುತ್ತದೆ. ಅದನ್ನು ತಿಳಿದುಕೊಂಡರೆ ಇಂದು ಅಂಗಡಿಯಲ್ಲಿ ಸಾಲಾಗಿ ಇಟ್ಟಿರುವ ಚೀಲಗಳಲ್ಲಿ ಯಾವುದನ್ನು ಆರಿಸಬೇಕು, ಅಥವಾ ಯಾವುದನ್ನೂ ಕೊಳ್ಳದೆ ಮನೆಯಲ್ಲೇ ಹೇಗೆ ಮಾಡಿಕೊಳ್ಳಬೇಕು ಎಂಬುದು ನಿಮಗೇ ತಿಳಿಯುತ್ತದೆ.

ಬೀಜ ಕೇಳುವುದೇನು?

ಚರಿತ್ರೆಗೆ ಹೋಗುವ ಮೊದಲು ಸ್ವಲ್ಪ ವಿಜ್ಞಾನ. ಬೀಜ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬಂದಿರುತ್ತದೆ. ಮೊದಲ ಎಲೆಗಳು ಬಿಚ್ಚಿಕೊಂಡು ಬಿಸಿಲಿನಲ್ಲಿ ಅಡುಗೆ ಶುರುಮಾಡುವ ತನಕ ಅದಕ್ಕೆ ಹೊರಗಿನ ಗೊಬ್ಬರದ ಅಗತ್ಯ ಬಹಳ ಕಡಿಮೆ. ಅದು ಮಣ್ಣಿನಿಂದ ಕೇಳುವುದು ಮುಖ್ಯವಾಗಿ ನಾಲ್ಕು. ಒಂದು, ಬಿಡದೆ ತೇವ. ಎರಡು, ಆ ತೇವದ ನಡುವೆಯೂ ಗಾಳಿ. ಏಕೆಂದರೆ ಮೊಳೆಯುವ ಬೀಜ ಉಸಿರಾಡುತ್ತದೆ. ಮೂರು, ಎಳೆಯ ಬೇರು ಸುಲಭವಾಗಿ ನುಗ್ಗುವಷ್ಟು ಸಡಿಲ, ಆದರೆ ಸಸಿ ಬೀಳದಷ್ಟು ಹಿಡಿತ. ನಾಲ್ಕು, ರೋಗಾಣುಗಳಿಂದಲೂ ಉಪ್ಪಿನಿಂದಲೂ ಬಿಡುಗಡೆ.

ತೇವ ಮತ್ತು ಗಾಳಿ ಒಂದಕ್ಕೊಂದು ವೈರಿಗಳು. ಜೇಡಿಮಣ್ಣಿನಲ್ಲಿ ತೇವ ನಿಲ್ಲುತ್ತದೆ, ಗಾಳಿ ಆಡುವುದಿಲ್ಲ. ಮರಳಿನಲ್ಲಿ ಗಾಳಿ ಆಡುತ್ತದೆ, ತೇವ ನಿಲ್ಲುವುದಿಲ್ಲ. ಹೊಲದಲ್ಲಿ ಎಷ್ಟೇ ಚೆನ್ನಾಗಿರುವ ಮಣ್ಣಾದರೂ ಚಿಕ್ಕ ಕುಂಡಕ್ಕೆ ತುಂಬಿದಾಗ ಕೆಟ್ಟು ಹೋಗುವುದು ಇದರಿಂದಲೇ. ಹೊಲದಲ್ಲಿ ಹೆಚ್ಚಿನ ನೀರು ಕೆಳಗಿಳಿಯಲು ಆಳವಾದ ಮಣ್ಣು ಇದೆ. ಕುಂಡದಲ್ಲಿ ಗೇಣುದ್ದ ಮಾತ್ರ. ನೀರು ತಳದಲ್ಲಿ ನಿಂತುಬಿಡುತ್ತದೆ. ಈ ಜಗಳವನ್ನು ಬಿಡಿಸುವ ಪ್ರಯತ್ನವೇ ಸಸಿ ಮಿಶ್ರಣದ ಇಡೀ ಚರಿತ್ರೆ.

ಗುಟ್ಟಿನ ಕಾಲ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಶ್ರೀಮಂತರ ಬಂಗಲೆಗಳಲ್ಲಿ ತೋಟದ ಮೇಸ್ತ್ರಿ ಎಂದರೆ ದೊಡ್ಡ ಮನುಷ್ಯ. ಗಾಜಿನ ಮನೆಯಲ್ಲಿ ದೂರದೇಶದ ಹೂಗಿಡಗಳನ್ನು ಬೆಳೆಸುವುದು ಆಗ ಪ್ರತಿಷ್ಠೆಯ ವಿಷಯ. ಒಂದೊಂದು ಗಿಡಕ್ಕೂ ಒಂದೊಂದು ಮಿಶ್ರಣ. ಕೊಳೆತ ಎಲೆಯ ಗೊಬ್ಬರ ಇಷ್ಟು, ಹಳೆಯ ಸಗಣಿ ಇಷ್ಟು, ಹುಲ್ಲುಗಾವಲಿನ ಮೇಲ್ಮಣ್ಣು ಇಷ್ಟು, ಮರಳು, ಇದ್ದಿಲು, ಇಟ್ಟಿಗೆ ಪುಡಿ ಇಷ್ಟಿಷ್ಟು ಎಂದು ಲೆಕ್ಕ. ಈ ಲೆಕ್ಕವನ್ನು ಮೇಸ್ತ್ರಿ ಬೇರೆಯವರಿಗೆ ಬಿಟ್ಟುಕೊಡುತ್ತಿರಲಿಲ್ಲ. ನಮ್ಮ ಕಡೆ ನಾಟಿವೈದ್ಯರು ಬೇರಿನ ಹೆಸರು ಹೇಳದೆ ಔಷಧಿ ಕೊಡುತ್ತಿದ್ದ ಹಾಗೆಯೇ ಇದೂ.

ಗುಟ್ಟಿನಿಂದ ಎರಡು ತೊಂದರೆಗಳಾದವು. ಮಿಶ್ರಣದಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತಿದೆ, ಯಾವುದು ಬರೀ ಸಂಪ್ರದಾಯ ಎಂದು ಯಾರೂ ಒರೆಗೆ ಹಚ್ಚಲಿಲ್ಲ. ಎರಡನೆಯದು, ಫಲ ಒಂದೇ ಸಮ ಬರುತ್ತಿರಲಿಲ್ಲ. ಎಲೆಗೊಬ್ಬರ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ. ಅದರ ಜೊತೆಯಲ್ಲೇ ಹುಳುವಿನ ಮೊಟ್ಟೆ, ಕಳೆಯ ಬೀಜ, ಶಿಲೀಂಧ್ರ ಎಲ್ಲವೂ ಬರುತ್ತವೆ. ಸಸಿ ಸತ್ತರೆ ಅದು ದೈವಾಧೀನ.

ಮರ್ಟನ್ನಿನ ಪ್ರಯೋಗ

ಈ ಪರಿಸ್ಥಿತಿ ಬದಲಾದದ್ದು ಲಂಡನ್ನಿನ ಹತ್ತಿರದ ಮರ್ಟನ್ ಎಂಬಲ್ಲಿ. ಜಾನ್ ಇನ್ನಿಸ್ ಎಂಬ ಶ್ರೀಮಂತ ವರ್ತಕ 1904ರಲ್ಲಿ ತೀರಿಕೊಂಡಾಗ ತನ್ನ ಆಸ್ತಿಯನ್ನು ತೋಟಗಾರಿಕೆಯ ಏಳಿಗೆಗಾಗಿ ಬಿಟ್ಟುಹೋಗಿದ್ದ. ಆ ಹಣದಿಂದ 1910ರಲ್ಲಿ ಜಾನ್ ಇನ್ನಿಸ್ ತೋಟಗಾರಿಕಾ ಸಂಸ್ಥೆ ಹುಟ್ಟಿತು. ಅದರ ಮೊದಲ ನಿರ್ದೇಶಕರು ವಿಲಿಯಂ ಬೇಟ್ಸನ್. ಮೆಂಡೆಲನ ತತ್ವಗಳನ್ನು ಇಂಗ್ಲಿಷ್ ಜಗತ್ತಿಗೆ ಪರಿಚಯಿಸಿದವರು, ‘ಜೆನೆಟಿಕ್ಸ್’ ಎಂಬ ಪದವನ್ನೇ ಬಳಕೆಗೆ ತಂದವರು ಅವರು. ಹೀಗಾಗಿ ಆ ತೋಟ ಬರೀ ಹೂವಿನ ತೋಟವಾಗಿ ಉಳಿಯದೆ ಅನುವಂಶೀಯತೆಯ ಪ್ರಯೋಗಶಾಲೆಯಾಯಿತು. ಮುಂದೆ ಭಾರತಕ್ಕೇ ಬಂದು ನೆಲೆಸಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದ ಜೆ.ಬಿ.ಎಸ್. ಹಾಲ್ಡೇನ್ ಕೂಡ ಇಲ್ಲಿ ಕೆಲಸ ಮಾಡಿದವರು. ನಮ್ಮ ನೆರೆಯ ತಲಶ್ಶೇರಿಯಲ್ಲಿ ಹುಟ್ಟಿದ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1940ರಿಂದ 1945ರವರೆಗೆ ಇದೇ ಸಂಸ್ಥೆಯಲ್ಲಿದ್ದರು.

ಆ ಸಂಸ್ಥೆಯ ಮುದ್ದಿನ ಗಿಡಗಳಲ್ಲಿ ಪ್ರಿಮುಲಾ ಸೈನೆನ್ಸಿಸ್ ಎಂಬ ಹೂಗಿಡ ಒಂದು. ಅನುವಂಶೀಯತೆಯ ಅಧ್ಯಯನಕ್ಕೆ ಅದನ್ನು ನೂರಾರು ಸಂಖ್ಯೆಯಲ್ಲಿ ಬೀಜದಿಂದ ಎಬ್ಬಿಸಬೇಕಾಗಿತ್ತು. 1930ರ ದಶಕದಲ್ಲಿ ಅವುಗಳ ಸಸಿಗಳು ದೊಡ್ಡ ಪ್ರಮಾಣದಲ್ಲಿ ಸಾಯತೊಡಗಿದವು. ಹೂವು ಮಾರುವವನಿಗೆ ಹತ್ತು ಸಸಿ ಸತ್ತರೆ ಹತ್ತು ಸಸಿಯ ನಷ್ಟ. ತಳಿವಿಜ್ಞಾನಿಗೆ ಹಾಗಲ್ಲ. ಕೆಂಪು ಎಷ್ಟು, ಬಿಳಿ ಎಷ್ಟು ಎಂದು ಎಣಿಸಿ ಮೂರಕ್ಕೊಂದು ಎಂಬ ಲೆಕ್ಕ ತೆಗೆಯುವವನಿಗೆ ಸತ್ತ ಸಸಿ ಯಾವ ಬಣ್ಣದ್ದಾಗಿತ್ತು ಎಂಬುದು ಎಂದೆಂದಿಗೂ ತಿಳಿಯುವುದಿಲ್ಲ. ಲೆಕ್ಕವೇ ಕೆಡುತ್ತದೆ.

ಆಗ ಕೆಲಸಕ್ಕಿಳಿದವರು ಸಂಸ್ಥೆಯ ವಿಲಿಯಂ ಲಾರೆನ್ಸ್ ಮತ್ತು ಜಾನ್ ನ್ಯೂವೆಲ್. ಲಾರೆನ್ಸ್ ಅವರು ಹುಡುಗನಾಗಿದ್ದಾಗಲೇ ಆ ತೋಟದ ಕೆಲಸಕ್ಕೆ ಸೇರಿ ಮೇಲೆ ಬಂದವರು. ಇಬ್ಬರೂ ಕೇಳಿಕೊಂಡ ಪ್ರಶ್ನೆ ಸರಳ: ಗಿಡಕ್ಕೊಂದು ಮಿಶ್ರಣ ನಿಜವಾಗಿಯೂ ಬೇಕೇ? ಒಂದೊಂದೇ ಅಂಶವನ್ನು ಬದಲಿಸುತ್ತಾ, ಉಳಿದದ್ದನ್ನು ಹಾಗೆಯೇ ಇಟ್ಟುಕೊಂಡು, ವರ್ಷಗಟ್ಟಲೆ ಪ್ರಯೋಗ ನಡೆಸಿದರು. ಸಿಕ್ಕ ಉತ್ತರ ತೋಟಗಾರರನ್ನು ಬೆಚ್ಚಿಬೀಳಿಸಿತು. ಬೀಜ ಬಿತ್ತಲು ಒಂದು ಮಿಶ್ರಣ, ಸಸಿ ಕುಂಡಕ್ಕೆ ಹಾಕಲು ಇನ್ನೊಂದು ಮಿಶ್ರಣ. ಬಹುಪಾಲು ಗಿಡಗಳಿಗೆ ಈ ಎರಡೇ ಸಾಕು.

ಬಿತ್ತನೆಯ ಮಿಶ್ರಣ ಹೀಗಿತ್ತು: ಅಳತೆಯಲ್ಲಿ ಎರಡು ಪಾಲು ಗೋಡುಮಣ್ಣು, ಒಂದು ಪಾಲು ಪೀಟ್, ಒಂದು ಪಾಲು ದಪ್ಪ ಮರಳು. ಇದಕ್ಕೆ ಒಂದು ಬುಷೆಲ್‌ಗೆ, ಎಂದರೆ ಸುಮಾರು 36 ಲೀಟರಿಗೆ, ಒಂದೂವರೆ ಔನ್ಸ್ ಸೂಪರ್ ಫಾಸ್ಫೇಟ್ ಮತ್ತು ಮುಕ್ಕಾಲು ಔನ್ಸ್ ಸೀಮೆಸುಣ್ಣದ ಪುಡಿ. ಈಗಿನ ಲೆಕ್ಕದಲ್ಲಿ ಸುಮಾರು 42 ಗ್ರಾಂ ಮತ್ತು 21 ಗ್ರಾಂ. ಅಷ್ಟೇ. ಬೀಜ ಬುತ್ತಿ ಕಟ್ಟಿಕೊಂಡು ಬರುತ್ತದೆ ಎಂದೆನಲ್ಲ, ಗೊಬ್ಬರದ ಈ ಅಲ್ಪ ಪ್ರಮಾಣವೇ ಅದಕ್ಕೆ ಸಾಕ್ಷಿ. ಕುಂಡದ ಮಿಶ್ರಣದಲ್ಲಿ ಮಾತ್ರ ಗೋಡುಮಣ್ಣು ಏಳು, ಪೀಟ್ ಮೂರು, ಮರಳು ಎರಡು ಪಾಲು. ಜೊತೆಗೆ ಗೊರಸು ಮತ್ತು ಕೊಂಬಿನ ಪುಡಿ, ಸೂಪರ್ ಫಾಸ್ಫೇಟ್, ಪೊಟ್ಯಾಷ್ ಸಲ್ಫೇಟ್ ಸೇರಿಸಿದ ಗೊಬ್ಬರ.

ಪಾಲುಗಳಷ್ಟೇ ಮುಖ್ಯವಾದದ್ದು ಇನ್ನೊಂದಿತ್ತು. ಗೋಡುಮಣ್ಣನ್ನು ಮೊದಲು ಹಬೆಯಲ್ಲಿ 80 ಡಿಗ್ರಿ ಸೆಲ್ಸಿಯಸ್‌ಗೂ ಮೇಲಕ್ಕೆ ಕಾಯಿಸಿ ರೋಗಾಣುಗಳನ್ನು ಕೊಲ್ಲಬೇಕು. ಹಬೆ ಕೊಟ್ಟ ಮಣ್ಣಿನಲ್ಲಿ ಸಸಿ ಕೆಲವೊಮ್ಮೆ ಸೊರಗಿ ನಿಲ್ಲುತ್ತಿತ್ತು. ಆ ಮಿಶ್ರಣಕ್ಕೆ ಸೂಪರ್ ಫಾಸ್ಫೇಟ್ ಸೇರಿಸಿದರೆ ಸಸಿ ಚೇತರಿಸಿಕೊಳ್ಳುತ್ತದೆ ಎಂಬುದನ್ನೂ ಅವರು ಪ್ರಯೋಗದಿಂದಲೇ ಕಂಡುಕೊಂಡರು.

ಹಂಚಿಕೊಂಡ ವಿದ್ಯೆ

1939ರಲ್ಲಿ ಲಾರೆನ್ಸ್ ಮತ್ತು ನ್ಯೂವೆಲ್ ಈ ಎಲ್ಲವನ್ನೂ ಪುಸ್ತಕವಾಗಿ ಪ್ರಕಟಿಸಿದರು. ನೀವು ಗಮನಿಸಬೇಕಾದ ಸಂಗತಿ ಇದು: ಸಂಸ್ಥೆ ಈ ಮಿಶ್ರಣವನ್ನು ತಾನು ಮಾಡಿ ಮಾರಲಿಲ್ಲ. ಸೂತ್ರವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಇಂದಿಗೂ ಬ್ರಿಟನ್ನಿನ ಅಂಗಡಿಗಳಲ್ಲಿ ‘ಜಾನ್ ಇನ್ನಿಸ್’ ಎಂದು ಬರೆದ ಚೀಲಗಳು ಸಿಗುತ್ತವೆ. ಅದು ಕಂಪನಿಯ ಹೆಸರಲ್ಲ, ಒಂದು ಪಾಕದ ಹೆಸರು. ನಾವು ಮೈಸೂರು ಪಾಕ್ ಎನ್ನುತ್ತೇವಲ್ಲ, ಹಾಗೆ. ಯಾರು ಬೇಕಾದರೂ ಮಾಡಬಹುದು.

ಅದೇ ವರ್ಷ ಯುದ್ಧ ಶುರುವಾಯಿತು. ಹಡಗುಗಳ ಮೂಲಕ ಆಹಾರ ಬರುವುದು ಕಡಿಮೆಯಾದಾಗ ಬ್ರಿಟಿಷ್ ಸರ್ಕಾರ ಹಿತ್ತಲು, ಉದ್ಯಾನಗಳನ್ನೆಲ್ಲ ಅಗೆದು ತರಕಾರಿ ಬೆಳೆಯಿರಿ ಎಂದು ಜನರಿಗೆ ಕರೆಕೊಟ್ಟಿತು. ಎಂದೂ ಮಣ್ಣು ಮುಟ್ಟದವರೂ ಸಸಿ ಎಬ್ಬಿಸಬೇಕಾಯಿತು. ಅಂಥವರ ಕೈಗೆ ಸಿಕ್ಕ ನಂಬಿಕೆಯ ಸೂತ್ರಗಳಲ್ಲಿ ಇದೂ ಒಂದು. ತೋಟದ ಮೇಸ್ತ್ರಿಗಳ ಎದೆಯಲ್ಲೇ ಉಳಿದಿದ್ದರೆ ಈ ವಿದ್ಯೆ ಹಸಿದವರ ಹಿತ್ತಲಿಗೆ ತಲುಪುತ್ತಿರಲಿಲ್ಲ.

ಮಣ್ಣಿಲ್ಲದ ಮಣ್ಣು

ಜಾನ್ ಇನ್ನಿಸ್ ಸೂತ್ರಕ್ಕೂ ಒಂದು ದೌರ್ಬಲ್ಯವಿತ್ತು. ಅದರ ಜೀವಾಳವಾದ ಗೋಡುಮಣ್ಣು ಒಳ್ಳೆಯ ಹುಲ್ಲುಗಾವಲಿನ ಮೇಲ್ಪದರವನ್ನು ಹುಲ್ಲಿನ ಸಮೇತ ಕತ್ತರಿಸಿ, ತಿಂಗಳುಗಟ್ಟಲೆ ಒಟ್ಟಿ ಕೊಳೆಯಿಸಿ ಮಾಡಬೇಕಾದದ್ದು. ಅಂಥ ಮಣ್ಣು ಎಲ್ಲ ಕಡೆಯೂ ಸಿಗದು, ಸಿಕ್ಕರೂ ಒಂದೇ ಗುಣದ್ದಾಗಿರದು. ಸಾವಿರಾರು ಕುಂಡ ತುಂಬುವ ವ್ಯಾಪಾರಿ ನರ್ಸರಿಗಳಿಗೆ ಇದು ದೊಡ್ಡ ಅಡಚಣೆ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಾಗಾದರೆ ಮಣ್ಣನ್ನೇ ಬಿಟ್ಟುಬಿಡೋಣ ಎಂದರು. ಸಸ್ಯರೋಗ ತಜ್ಞ ಕೆನೆತ್ ಬೇಕರ್ ಅವರ ಸಂಪಾದಕತ್ವದಲ್ಲಿ 1957ರಲ್ಲಿ ಬಂದ ಕೈಪಿಡಿ ನಯವಾದ ಮರಳು ಮತ್ತು ಪೀಟ್ ಎರಡನ್ನೇ ಬೇರೆಬೇರೆ ಪ್ರಮಾಣದಲ್ಲಿ ಬೆರೆಸುವ ಪದ್ಧತಿಯನ್ನು ವಿವರಿಸಿತು. ಬೇಕರ್ ಅವರು ಹೇಳಿಕೊಟ್ಟ ಇನ್ನೊಂದು ಪಾಠ ಅದಕ್ಕಿಂತ ದೊಡ್ಡದು. ಸಸಿಯ ಬುಡ ಕೊಳೆಸುವ ಪಿಥಿಯಂ, ರೈಜೊಕ್ಟೋನಿಯಾ ಶಿಲೀಂಧ್ರಗಳು ಗಾಳಿಯಿಂದ ಉದುರುವ ಶಾಪವಲ್ಲ. ಅವು ಮಣ್ಣಿನಲ್ಲಿ, ಹಳೆಯ ಕುಂಡದಲ್ಲಿ, ಕೊಳಕು ಕೈಯಲ್ಲಿ, ನೆಲದ ಮೇಲೆ ಎಳೆದ ನೀರಿನ ಪೈಪಿನ ತುದಿಯಲ್ಲಿ ಬರುತ್ತವೆ. ಹಾಗೆಂದು ಮಣ್ಣನ್ನು ಕುದಿಯುವಷ್ಟು ಕಾಯಿಸಿದರೆ ಒಳ್ಳೆಯ ಜೀವಾಣುಗಳೂ ಸತ್ತು ಮನೆ ಖಾಲಿಯಾಗುತ್ತದೆ. ಖಾಲಿ ಮನೆಗೆ ಮೊದಲು ನುಗ್ಗುವವನು ಕಳ್ಳನೇ. ಆದ್ದರಿಂದ ಹಬೆಗೆ ಗಾಳಿ ಬೆರೆಸಿ ಸುಮಾರು 60 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುವ ಹದವನ್ನು ಅವರು ಮುಂದೆ ಪ್ರಚಾರಕ್ಕೆ ತಂದರು. ರೋಗಾಣುಗಳು ಸಾಯುತ್ತವೆ, ಉಪಕಾರಿಗಳಲ್ಲಿ ಹಲವು ಉಳಿಯುತ್ತವೆ.

1960ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಬೂಡ್ಲಿ ಮತ್ತು ಶೆಲ್ಡ್ರೇಕ್ ಮರಳನ್ನೂ ಬಿಟ್ಟರು. ಅದರ ಜಾಗಕ್ಕೆ ಬಂದದ್ದು ಅಭ್ರಕದ ಜಾತಿಯ ಖನಿಜವನ್ನು ಕಾಯಿಸಿ ಅರಳಿಸಿದ ವರ್ಮಿಕ್ಯುಲೈಟ್, ಇಲ್ಲವೇ ಜ್ವಾಲಾಮುಖಿಯ ಗಾಜನ್ನು ಅರಳಿಸಿದ ಪರ್ಲೈಟ್. ಅಕ್ಕಿ ಮಂಡಕ್ಕಿಯಾದಂತೆ ಇವೂ ಕಾವಿಗೆ ಉಬ್ಬಿ ಹಗುರಾಗುತ್ತವೆ. ಮಿಶ್ರಣ ಹಗುರವಾದದ್ದರಿಂದ ಸಣ್ಣ ಗುಳಿಗಳ ತಟ್ಟೆಯಲ್ಲಿ ಸಸಿ ಎಬ್ಬಿಸಿ ದೂರಕ್ಕೆ ಸಾಗಿಸುವುದು ಸಾಧ್ಯವಾಯಿತು. ಇಂದು ಕೋಲಾರ, ಚಿಕ್ಕಬಳ್ಳಾಪುರದ ನರ್ಸರಿಗಳಲ್ಲಿ ನೀವು ನೋಡುವ ಪ್ರೋಟ್ರೇಗಳು ಇದೇ ಸಂತತಿಯವು.

ಆದರೆ ಎಲ್ಲದರ ತಳದಲ್ಲಿ ಪೀಟ್ ಇತ್ತು. ಶೀತದೇಶಗಳ ಜೌಗಿನಲ್ಲಿ ಪಾಚಿಯಂಥ ಸಸ್ಯಗಳು ಪೂರ್ತಿ ಕೊಳೆಯದೆ ಪದರ ಪದರವಾಗಿ ಶೇಖರವಾದದ್ದೇ ಪೀಟ್. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಒಂದು ಮೀಟರ್ ಅಗೆದರೆ ಸಾವಿರ ವರ್ಷವನ್ನು ಅಗೆದಂತೆ. ಭೂಮಿಯ ನೆಲದ ಶೇಕಡಾ 3ರಷ್ಟು ಜಾಗದಲ್ಲಿರುವ ಈ ಜೌಗುಗಳು ಜಗತ್ತಿನ ಎಲ್ಲ ಕಾಡುಗಳಿಗಿಂತ ಹೆಚ್ಚು ಇಂಗಾಲವನ್ನು ಹಿಡಿದಿಟ್ಟುಕೊಂಡಿವೆ. ಅಗೆದಾಗ ಆ ಇಂಗಾಲ ಗಾಳಿಗೆ ಸೇರುತ್ತದೆ. ಪೀಟ್ ಸೂತ್ರವನ್ನು ಜಗತ್ತಿಗೆ ಕೊಟ್ಟ ಬ್ರಿಟನ್ನೇ, ಇಂಗ್ಲೆಂಡಿನ ಮನೆ ತೋಟಗಳಿಗೆ ಪೀಟ್ ಮಾರುವುದನ್ನು ನಿಲ್ಲಿಸುವ ಉದ್ದೇಶವನ್ನು 2022ರಲ್ಲಿ ಪ್ರಕಟಿಸಿತು.

ಸಿಪ್ಪೆಯ ರಾಶಿಯಿಂದ

ಇಲ್ಲಿ ಚರಿತ್ರೆ ನಮ್ಮ ಊರಿನ ಕಡೆಗೆ ತಿರುಗುತ್ತದೆ. ತೆಂಗಿನ ಸಿಪ್ಪೆಯಿಂದ ನಾರು ತೆಗೆದಾಗ ಒಂದು ಕಿಲೋ ನಾರಿಗೆ ಸುಮಾರು ಎರಡು ಕಿಲೋ ಹುಡಿ ಉಳಿಯುತ್ತದೆ. ತಿಪಟೂರು, ಅರಸೀಕೆರೆ, ಗುಬ್ಬಿ ಕಡೆಯ ತೆಂಗಿನ ಸೀಮೆಯವರಿಗೆ ಈ ಹುಡಿಯ ಗುಡ್ಡ ಹೊಸದಲ್ಲ. ಬೇಗ ಕೊಳೆಯದು, ಮಳೆಗೆ ಕಂದು ನೀರು ಬಿಡುತ್ತದೆ, ಬೆಂಕಿ ಬಿದ್ದರೆ ದಿನಗಟ್ಟಲೆ ಹೊಗೆಯಾಡುತ್ತದೆ. ಬಹಳ ಕಾಲ ಅದು ತೊಂದರೆಯ ವಸ್ತುವೇ ಆಗಿತ್ತು.

ವಿಚಿತ್ರವೆಂದರೆ ಇಂಗ್ಲೆಂಡಿನ ತೋಟಗಾರರು 1860ರ ದಶಕದಲ್ಲೇ ತೆಂಗಿನ ನಾರಿನ ಕಾರ್ಖಾನೆಗಳ ಈ ಕಸವನ್ನು ಕುಂಡಗಳಿಗೆ ಬಳಸಿದ್ದರು. ಆಮೇಲೆ ಮರೆತರು. ಪೀಟಿಗೆ ಬದಲಿ ಹುಡುಕುವ ಒತ್ತಾಯ ಬಂದಾಗ, 1980ರ ದಶಕದ ಕೊನೆಯ ಹೊತ್ತಿಗೆ, ಅದು ಶ್ರೀಲಂಕಾ ಮತ್ತು ಭಾರತದಿಂದ ಮತ್ತೆ ಯುರೋಪಿಗೆ ಹೊರಟಿತು. ಈಗ ಅದರ ಹೆಸರು ಕೊಕೊಪೀಟ್. ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಹಿಡಿದ ಮೇಲೂ ಗಾಳಿಗೆ ಜಾಗ ಬಿಡುತ್ತದೆ. ಬೀಜ ಕೇಳುವ ನಾಲ್ಕರಲ್ಲಿ ಮೊದಲ ಮೂರೂ ಇಲ್ಲಿವೆ.

ನಾಲ್ಕನೆಯದರಲ್ಲಿ ಎಚ್ಚರ ಬೇಕು. ತೆಂಗಿನ ಸಿಪ್ಪೆಯಲ್ಲಿ ಸಹಜವಾಗಿಯೇ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಲವಣಗಳಿವೆ. ತೊಳೆಯದ ಹುಡಿಯಲ್ಲಿ ಬಿತ್ತಿದರೆ ಎಲೆಯ ಅಂಚು ಸುಡುತ್ತದೆ, ಸಸಿ ಗಿಡ್ಡಗಾಗುತ್ತದೆ. ಎರಡನೆಯದು, ಹಸಿ ಹುಡಿಯಲ್ಲಿ ಸಾರಜನಕಕ್ಕೆ ಹೋಲಿಸಿದರೆ ಇಂಗಾಲ ನೂರು ಪಟ್ಟಿನ ಆಸುಪಾಸಿನಲ್ಲಿರುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಸಾರಜನಕವನ್ನು ಸಸಿಯ ಬಾಯಿಂದ ಕಿತ್ತುಕೊಳ್ಳುತ್ತವೆ. ಇದಕ್ಕೆ ನಮ್ಮ ವಿಜ್ಞಾನಿಗಳೇ ಉಪಾಯ ಕಂಡುಕೊಂಡರು. ಪ್ಲುರೋಟಸ್ ಎಂಬ ಅಣಬೆಯ ಬಿತ್ತನೆ ಮತ್ತು ಸ್ವಲ್ಪ ಯೂರಿಯಾ ಬಳಸಿ ಹುಡಿಯನ್ನು ಕಳಿಸುವ ವಿಧಾನವನ್ನು ಕಾಯರ್ ಬೋರ್ಡ್ ಪ್ರಚಾರ ಮಾಡಿತು. ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸೂಕ್ಷ್ಮಜೀವಿಗಳಿಂದ ಹುದುಗಿಸಿದ ‘ಅರ್ಕಾ’ ಕೊಕೊಪೀಟನ್ನು ತಯಾರಿಸಿ ಅದರ ತಂತ್ರಜ್ಞಾನವನ್ನು ಹೊರಗೆ ಕೊಟ್ಟಿದೆ. 98 ಗುಳಿಯ ಒಂದು ಪ್ರೋಟ್ರೇಗೆ ಸುಮಾರು 1.2 ಕಿಲೋ ಕೊಕೊಪೀಟ್ ಸಾಕು; ಟೊಮೇಟೊ ಸಸಿ ಮೂರು ನಾಲ್ಕು ವಾರದಲ್ಲಿ ನಾಟಿಗೆ ಸಿದ್ಧ.

ನಮ್ಮ ಒಟ್ಲು, ನಮ್ಮ ಸುಡುಮಣ್ಣು

ಇಷ್ಟು ಕೇಳಿ ಈ ವಿದ್ಯೆಯೆಲ್ಲ ಹೊರಗಿನಿಂದ ಬಂದದ್ದು ಎಂದುಕೊಳ್ಳಬೇಡಿ. ಹಳೆ ಮೈಸೂರಿನವರು ಒಟ್ಲು ಎನ್ನುವ, ಉತ್ತರ ಕರ್ನಾಟಕದವರು ಅಗಿ ಹಾಕುವ ಮಡಿಯಲ್ಲಿ ಕೆರೆಗೋಡು, ಹಳೆಯ ಕೊಟ್ಟಿಗೆ ಗೊಬ್ಬರ, ಮರಳು ಮೂರೂ ಸೇರುತ್ತಿದ್ದವು. ಮಡಿಯನ್ನು ಗೇಣು ಎತ್ತರಿಸುವುದು ನೀರು ಬಸಿಯಲೆಂದೇ. ಕರಾವಳಿಯಲ್ಲಿ ತರಗೆಲೆ, ಕಸಕಡ್ಡಿಯ ಜೊತೆ ಮಣ್ಣನ್ನು ಒಟ್ಟಿ ನಿಧಾನವಾಗಿ ಬೇಯಿಸಿ ಸುಡುಮಣ್ಣು ಮಾಡುತ್ತಾರೆ. ತರಕಾರಿಗೆ ಅದು ಮೆಚ್ಚಿನ ಮಣ್ಣು. ಮರ್ಟನ್ನಿನಲ್ಲಿ ಹಬೆ ಮಾಡಿದ ಕೆಲಸದ ಒಂದು ಭಾಗವನ್ನು ಇಲ್ಲಿ ಬೆಂಕಿ ಮಾಡುತ್ತಿತ್ತು. ಕಳೆಯ ಬೀಜ, ಹುಳು, ಶಿಲೀಂಧ್ರ ಸಾಯುತ್ತಿದ್ದವು, ಜೊತೆಗೆ ಬೂದಿಯೂ ಸೇರುತ್ತಿತ್ತು. ನಮ್ಮ ಹಿರಿಯರಿಗೆ ಕೊರತೆಯಾದದ್ದು ತಿಳಿವಳಿಕೆಯಲ್ಲ. ಅಂಶಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆದು, ಬರೆದಿಟ್ಟು, ಪಕ್ಕದ ಸೀಮೆಯವನಿಗೂ ತಲುಪಿಸುವ ಏರ್ಪಾಡು.

ಬೆಂಕಿಯೂ ಹಬೆಯೂ ಇಲ್ಲದ ದಾರಿಯನ್ನು 1976ರಲ್ಲಿ ಇಸ್ರೇಲಿನ ಯಾಕೊವ್ ಕಟಾನ್ ಮತ್ತು ಸಂಗಡಿಗರು ತೋರಿಸಿದರು. ತೇವ ಮಾಡಿದ ಮಣ್ಣಿನ ಮೇಲೆ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಬಿಗಿಯಾಗಿ ಹೊದಿಸಿ ಬೇಸಿಗೆಯ ಬಿಸಿಲಿಗೆ ಕೆಲವು ವಾರ ಬಿಟ್ಟರೆ ಬಿಸಿಲೇ ಮಣ್ಣನ್ನು ಶುದ್ಧಿ ಮಾಡುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಇನ್ನೊಂದಿಲ್ಲ.

ನೀವು ಆರಿಸುವಾಗ

ಹಾಗಾದರೆ ಯಾವುದನ್ನು ಬಳಸಬೇಕು? ಸೊಪ್ಪು, ಮೂಲಂಗಿ, ಹುರುಳಿಕಾಯಿಗೆ ಮಿಶ್ರಣದ ಗೊಡವೆಯೇ ಬೇಡ. ನೇರವಾಗಿ ಪಾತಿಯಲ್ಲೇ ಬಿತ್ತಿ. ನಾಟಿ ಮಾಡಬೇಕಾದ ಟೊಮೇಟೊ, ಬದನೆ, ಮೆಣಸಿನಕಾಯಿ, ಎಲೆಕೋಸಿಗೆ ಕೊಕೊಪೀಟ್ ಅನುಕೂಲ. ಕೊಂಡ ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಎರಡು ಮೂರು ಸಲ ನೀರು ಬದಲಿಸಿ ತೊಳೆಯಿರಿ. ಸಂಶಯವಿದ್ದರೆ ಮೊದಲು ಒಂದು ಚಿಟಿಕೆ ಸಾಸಿವೆ ಬಿತ್ತಿ ನೋಡಿ. ಸಾಸಿವೆ ಚೆನ್ನಾಗಿ ಬಂದರೆ ನಿಮ್ಮ ದುಬಾರಿ ಬೀಜವನ್ನು ನಂಬಿ ಹಾಕಬಹುದು. ಮೊದಲ ನಿಜವಾದ ಎಲೆ ಮೂಡಿದ ಮೇಲೆ ತೆಳುವಾಗಿ ಗೊಬ್ಬರದ ನೀರು ಕೊಡಿ, ಏಕೆಂದರೆ ಕೊಕೊಪೀಟಿನಲ್ಲಿ ಆಹಾರ ಬಹಳ ಕಡಿಮೆ.

ಕೊಳ್ಳುವ ಮನಸ್ಸಿಲ್ಲದಿದ್ದರೆ ಎರಡು ಪಾಲು ಬಿಸಿಲಿನಲ್ಲಿ ಶುದ್ಧಿಯಾದ ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತು ಜರಡಿ ಹಿಡಿದ ಗೊಬ್ಬರ, ಒಂದು ಪಾಲು ದಪ್ಪ ಮರಳು ಬೆರೆಸಿ. ಹದ ನೋಡುವುದು ಸುಲಭ. ತೇವವಾದ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ. ಬೆರಳ ಸಂದಿಯಿಂದ ನೀರು ಸುರಿದರೆ ತೇವ ಹೆಚ್ಚು. ಮುಷ್ಟಿ ತೆರೆದಾಗ ಉಂಡೆ ನಿಂತು, ಬೆರಳು ತಾಗಿಸಿದರೆ ಒಡೆದರೆ ಸರಿ. ಒಡೆಯದೆ ಗಟ್ಟಿಯಾಗಿ ಉಳಿದರೆ ಮರಳು ಸಾಲದು. ಹಳೆಯ ಕುಂಡವನ್ನು ಉಜ್ಜಿ ತೊಳೆದು ಒಣಗಿಸಿ. ನೀರನ್ನು ಬೆಳಗಿನ ಹೊತ್ತು ಹಾಕಿ. ರಾತ್ರಿಯಿಡೀ ಒದ್ದೆಯಾಗಿರುವ ಬುಡ ಶಿಲೀಂಧ್ರಕ್ಕೆ ಹಬ್ಬದೂಟ.

ಮತ್ತೊಂದು ಮಾತು. ಒಂದು ಹಿಡಿ ಸಸಿ ಸತ್ತರೆ ನಮ್ಮ ಹಿತ್ತಲಿಗೆ ನಷ್ಟ ಅಲ್ಪ. ಸಾಲ ಮಾಡಿ ಹೈಬ್ರಿಡ್ ಬೀಜ ತಂದ ರೈತನಿಗೆ ಒಟ್ಲು ಕೊಳೆತರೆ ಬೀಜದ ಹಣದ ಜೊತೆ ನಾಟಿಯ ಕಾಲವೂ ಕೈತಪ್ಪುತ್ತದೆ. ಹೋದ ಮಳೆಯನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು. ಆದ್ದರಿಂದ ನಿಮ್ಮ ಮಿಶ್ರಣ ಚೆನ್ನಾಗಿ ಬಂದರೆ ಅದರ ಪಾಲುಗಳನ್ನು ಒಂದು ಕಾಗದದ ಮೇಲೆ ಬರೆದಿಡಿ. ಪಕ್ಕದ ಮನೆಯವರು ಕೇಳಿದರೆ ಗುಟ್ಟು ಮಾಡದೆ ಹೇಳಿ. ಲಾರೆನ್ಸ್ ಮತ್ತು ನ್ಯೂವೆಲ್ ಮಾಡಿದ್ದೂ ಅದನ್ನೇ.